ತಪ್ಪು ಇಬ್ಬರದು, ಬಿಲ್ ಯಾರದು?

ಹೋದ ಸೆಮಿಸ್ಟರ್‌ನಲ್ಲಿ ನಮ್ಮ ಸಂಘದಿಂದ ಸೆಮಿನಾರ್ ಹಾಲ್‌ನಲ್ಲಿ ‘ಕಿರಿಕ್ ಪಾರ್ಟಿ’ ಹಾಕಿದ್ವಿ. ಪೋಸ್ಟರ್‌ನಲ್ಲಿ ಆರೂವರೆ ಅಂತಿತ್ತು, ಪ್ರೊಜೆಕ್ಟರ್‌ಗೆ ಸರಿಯಾದ ಕೇಬಲ್ ಸಿಗೋ ಹೊತ್ತಿಗೆ ಏಳೂಕಾಲು. ಎಂಟೂಕಾಲು ದಾಟ್ತಿದ್ದ ಹಾಗೆ ಹುಡುಗಿಯರ ಕಡೆಯ ಸಾಲುಗಳು ಒಂದೊಂದಾಗಿ ಖಾಲಿ ಆದ್ವು. ಅವರ ಹಾಸ್ಟೆಲ್ ಗೇಟ್ ಹಾಕೋ ಸಮಯ. ಸಾನ್ವಿ ಸಾಯುವ ಸೀನ್ ಬರುವಾಗ ಹಾಲ್‌ನಲ್ಲಿ ಉಳಿದಿದ್ದವರೆಲ್ಲ ಹುಡುಗರೇ. ಮೂರ್ನಾಲ್ಕು ಜನ ಕತ್ತಲಲ್ಲಿ ಕಣ್ಣೊರೆಸಿಕೊಂಡ್ರು, ಅದರಲ್ಲಿ ನಾನೂ ಒಬ್ಬ.

ಮರುದಿನ ಲ್ಯಾಬ್‌ನಲ್ಲಿ ನಮ್ಮ ಬ್ಯಾಚಿನ ಹುಡುಗಿಯೊಬ್ಬಳು ಅಂದಳು: “ನಾವು ಎದ್ದು ಹೋದಾಗ ಸಾನ್ವಿ ಇನ್ನೂ ಬದುಕಿದ್ಲು. ಒಳ್ಳೇದೇ ಆಯ್ತು ಬಿಡು.” ಅವಳು ಆ ಸಿನಿಮಾನ ಮೊದಲೇ ಎರಡು ಸಲ ನೋಡಿದ್ದಾಳೆ. ನಾನು ನಕ್ಕೆ. ಅವಳು ನಗಲಿಲ್ಲ. “ಕರ್ಣ ಸುಧಾರಿಸ್ಬೇಕು ಅಂದ್ರೆ ಅವಳು ಸಾಯ್ಲೇಬೇಕಿತ್ತಾ?” ಅಂತ ಕೇಳಿ ಆಸಿಲೋಸ್ಕೋಪ್ ಕಡೆ ತಿರುಗಿದಳು.

ಈ ಲೇಖನ ಹುಟ್ಟಿದ್ದು ಆ ಪ್ರಶ್ನೆಯಿಂದ. ಹರೆಯದವರ ಬಗ್ಗೆ ಇರೋ ಯಾವುದೇ ಸಿನಿಮಾ ತಗೊಳ್ಳಿ, ಅದರಲ್ಲಿ ಯಾರಾದರೂ ಒಂದು ತಪ್ಪು ಮಾಡ್ತಾರೆ. ತಪ್ಪಿಲ್ಲದೆ ಕಥೆ ಇಲ್ಲ. ಆದರೆ ಟೀ ಅಂಗಡಿಯಲ್ಲಿ ಆರು ಜನ ಕುಡಿದು ಎದ್ದ ಮೇಲೆ ದುಡ್ಡು ಕೊಡೋನು ಒಬ್ಬ ಇರ್ತಾನಲ್ಲ, ಹಾಗೆ ಆ ತಪ್ಪಿನ ಬಿಲ್ ಕೊನೆಗೆ ಯಾರ ಮುಂದೆ ಬರುತ್ತೆ? ಹುಡುಗನ ಮುಂದೆಯಾ, ಹುಡುಗಿ ಮುಂದೆಯಾ? ದುಡ್ಡಿರೋರ ಮನೆಗಾ, ಇಲ್ಲದವರ ಮನೆಗಾ? ಇದೊಂದನ್ನ ಮನಸ್ಸಲ್ಲಿಟ್ಟುಕೊಂಡು ನೋಡಿದರೆ, ಹತ್ತು ಸಲ ನೋಡಿದ ಸಿನಿಮಾ ಕೂಡ ಬೇರೆ ಥರ ಕಾಣುತ್ತೆ. (ಮುಂದೆ ಕೆಲವು ಸಿನಿಮಾಗಳ ಕಥೆ ಪೂರ್ತಿ ಹೇಳಿಬಿಟ್ಟಿದೀನಿ. ನೋಡದವರು ಕ್ಷಮಿಸಬೇಕು.)

ಮೊದಲು ಸ್ವಲ್ಪ ಹೊರಗಿನದು. ಈ ಲೆಕ್ಕವನ್ನ ಮುಚ್ಚುಮರೆ ಇಲ್ಲದೆ ತೋರಿಸೋದರಲ್ಲಿ ಬ್ರಿಟನ್ನಿನ ಸಿನಿಮಾಗಳು ಪಳಗಿದ್ದಾವೆ. ಕೆನ್ ಲೋಚ್ ಅವರ ‘ಕೆಸ್’ 1969ರದ್ದು. ಬಾರ್ನ್ಸ್‌ಲಿ ಅನ್ನೋ ಕಲ್ಲಿದ್ದಲು ಗಣಿಯ ಊರು, ಬಿಲ್ಲಿ ಅನ್ನೋ ಹುಡುಗ, ಅವನು ಸಾಕಿ ಪಳಗಿಸಿದ ಒಂದು ಪುಟ್ಟ ಗಿಡುಗ. ಅಣ್ಣ ಕುದುರೆ ಜೂಜಿಗೆ ಕಟ್ಟು ಅಂತ ಕೊಟ್ಟ ಹಣವನ್ನ ಬಿಲ್ಲಿ ಖರ್ಚು ಮಾಡಿಬಿಡ್ತಾನೆ. ಕುದುರೆ ಗೆದ್ದುಬಿಡುತ್ತೆ. ಸಿಟ್ಟಿಗೆ ಅಣ್ಣ ಗಿಡುಗವನ್ನ ಕೊಲ್ತಾನೆ. ಆ ಮನೆಯಲ್ಲಿ ಆ ಹಣ ಎಷ್ಟು ದೊಡ್ಡದು ಅಂತ ನಮಗೆ ಗೊತ್ತಾಗೋದು ಹಾಗೆ. ಅದಕ್ಕಿಂತ ನನಗೆ ಮರೆಯೋಕಾಗದ್ದು ಇನ್ನೊಂದು ಸೀನ್: ಶಾಲೆ ಮುಗಿಸೋ ಹುಡುಗರಿಗೆ ಕೆಲಸದ ದಾರಿ ಹೇಳೋ ಅಧಿಕಾರಿಯ ಮುಂದೆ ಬಿಲ್ಲಿ ಕೂತಿದ್ದಾನೆ. ಗಣಿಗೆ ಮಾತ್ರ ಇಳಿಯಲ್ಲ ಅನ್ನೋದು ಅವನಿಗೆ ಗೊತ್ತು, ಅದು ಬಿಟ್ಟು ಇನ್ನೇನು ಅಂತ ಅವನಿಗೂ ಗೊತ್ತಿಲ್ಲ, ಅಧಿಕಾರಿಗೂ ಗೊತ್ತಿಲ್ಲ. ನಮ್ಮ ಪ್ಲೇಸ್‌ಮೆಂಟ್ ಸೀಸನ್ ನೋಡಿದವರಿಗೆ ಆ ಮೌನ ಅರ್ಥ ಆಗುತ್ತೆ.

ಆಂಡ್ರಿಯಾ ಆರ್ನಾಲ್ಡ್ ಅವರ ‘ಫಿಶ್ ಟ್ಯಾಂಕ್’ (2009) ಹುಡುಗಿಯ ಕಥೆ. ಹದಿನೈದರ ಮಿಯಾ, ಇಕ್ಕಟ್ಟಿನ ಫ್ಲಾಟು, ಡಾನ್ಸ್ ಹುಚ್ಚು, ಅಮ್ಮನ ಹೊಸ ಗೆಳೆಯ ಕಾನರ್. ಅವನು ಈ ಹುಡುಗಿಯನ್ನ ಬಳಸಿಕೊಂಡು ಮಾಯವಾಗ್ತಾನೆ. ಮಿಯಾ ಅವನನ್ನ ಹುಡುಕಿಕೊಂಡು ಹೋದಾಗ ಕಾಣೋದೇನು? ಅವನಿಗೆ ಬೇರೆ ಕಡೆ ಚೆಂದದ ಮನೆ ಇದೆ, ಹೆಂಡತಿ ಇದ್ದಾಳೆ, ಮಗಳಿದ್ದಾಳೆ. ಅವನಿಗೆ ವಾಪಸ್ ಹೋಗೋಕೆ ಒಂದು ಮನೆ ಇತ್ತು, ಇವಳಿಗೆ ಇರಲಿಲ್ಲ. ವರ್ಗ ಅಂದರೆ ಏನು ಅನ್ನೋದಕ್ಕೆ ಇದಕ್ಕಿಂತ ಚಿಕ್ಕ ವಿವರಣೆ ನಾನು ಕಂಡಿಲ್ಲ.

ಅಲ್ಲಿ ಎಲ್ಲವೂ ಹೀಗೆ ಕಪ್ಪಾಗಿಯೇ ಇರುತ್ತೆ ಅಂತೇನಿಲ್ಲ. 1981ರ ‘ಗ್ರೆಗರಿಸ್ ಗರ್ಲ್’ ಸ್ಕಾಟ್ಲೆಂಡಿನ ಒಂದು ಶಾಲೆಯ ತಮಾಷೆ. ಫುಟ್‌ಬಾಲ್ ತಂಡಕ್ಕೆ ಡೊರೊತಿ ಅನ್ನೋ ಹುಡುಗಿ ಸೇರ್ತಾಳೆ, ಹುಡುಗರಿಗಿಂತ ಚೆನ್ನಾಗಿ ಆಡ್ತಾಳೆ, ಹೀರೋ ತನ್ನ ಜಾಗ ಬಿಟ್ಟು ಗೋಲ್‌ಕೀಪರ್ ಆಗಬೇಕಾಗುತ್ತೆ. ಅವನಿಗೆ ಅದರಿಂದ ಅವಮಾನವೇನೂ ಆಗಲ್ಲ, ಪ್ರೀತಿ ಆಗುತ್ತೆ!

ಈಗ ನಮ್ಮ ಕಡೆಗೆ ಬರೋಣ. ನಮ್ಮ ಸಿನಿಮಾದಲ್ಲಿ ಹರೆಯದವರು ಅಂದರೆ ಯಾರು ಅನ್ನೋದೇ ಮೊದಲ ಗೊಂದಲ. ಸ್ವಲ್ಪ ಲೆಕ್ಕ ಮಾಡಿ. ‘ಕಿರಿಕ್ ಪಾರ್ಟಿ’ ಬಿಡುಗಡೆ ಆಗಿದ್ದು 2016ರ ಡಿಸೆಂಬರ್ 30ಕ್ಕೆ. ಫಸ್ಟ್ ಇಯರ್ ಮೆಕ್ಯಾನಿಕಲ್‌ಗೆ ಸೇರುವ ಕರ್ಣನ ಪಾತ್ರ ಮಾಡಿದ ರಕ್ಷಿತ್ ಶೆಟ್ಟಿಗೆ ಆಗ 33. ಅವನ ಫೈನಲ್ ಇಯರ್ ಸೀನಿಯರ್ ಸಾನ್ವಿ ಆಗಿದ್ದ ರಶ್ಮಿಕಾಗೆ 20. ಸೀನಿಯರ್‌ಗಿಂತ ಜೂನಿಯರ್ ಹದಿಮೂರು ವರ್ಷ ದೊಡ್ಡವನು. ಬ್ಯಾಕ್‌ಲಾಗ್ ಎಷ್ಟಿತ್ತೋ ಏನೋ. ಇದು ಈ ಒಂದು ಸಿನಿಮಾದ ದೋಷ ಅಲ್ಲ. ‘ಪ್ರೇಮಲೋಕ’ದಲ್ಲೂ (1987) ಇದೇ ಕಥೆ: ರವಿಚಂದ್ರನ್ ಇಪ್ಪತ್ತೈದು ದಾಟಿದ್ದರು, ಜೂಹಿ ಚಾವ್ಲಾಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಹುಡುಗ ಎಷ್ಟು ವರ್ಷ ಬೇಕಾದರೂ ಹುಡುಗನಾಗೇ ಇರಬಹುದು, ಹುಡುಗಿ ಮಾತ್ರ ನಿಜವಾಗಲೂ ಚಿಕ್ಕವಳಾಗಿರಬೇಕು. ತೆರೆಯ ಮೇಲೆ ಇಬ್ಬರ ಧೈರ್ಯದಲ್ಲಿ, ಮಾತಿನಲ್ಲಿ ಕಾಣೋ ವ್ಯತ್ಯಾಸಕ್ಕೆ ಇದೂ ಒಂದು ಕಾರಣ ಅಂತ ನನಗನಿಸುತ್ತೆ. ಮೂವತ್ತರ ಗಂಡಸು ಹದಿನೆಂಟರ ಹುಡುಗನ ಹಾಗೆ ತಬ್ಬಿಬ್ಬಾಗೋದು ಕಷ್ಟ.

‘ಕಿರಿಕ್ ಪಾರ್ಟಿ’ ಬಗ್ಗೆ ಇನ್ನೂ ಸ್ವಲ್ಪ ನಿಲ್ತೀನಿ, ಯಾಕಂದ್ರೆ ಅದು ನಮ್ಮ ಸಿನಿಮಾ. ಹಾಸನದ ಮಲೆನಾಡು ಇಂಜಿನಿಯರಿಂಗ್ ಕಾಲೇಜಿನಲ್ಲಿ ಚಿತ್ರೀಕರಣ ಆಗಿದ್ದು, ಹಾಸ್ಟೆಲ್ ರೂಮಿನ ಗೋಡೆಯಿಂದ ಹಿಡಿದು ಕಾರಿಡಾರಿನ ಜಗಳದವರೆಗೆ ಎಲ್ಲ ನಮ್ಮದೇ. ನನಗೆ ಈಗಲೂ ಇಷ್ಟ. ಆದರೆ ಬಿಲ್‌ನ ಪ್ರಶ್ನೆ ಇಟ್ಟುಕೊಂಡು ನೋಡಿ. ಕರ್ಣ ಕುಡೀತಾನೆ, ಹೊಡೆದಾಡ್ತಾನೆ, ಓದಲ್ಲ. ಅದಕ್ಕೆ ಅವನು ತೆತ್ತಿದ್ದೇನು? ಸಾನ್ವಿ ಬರೋದು ಅವನೊಳಗೆ ಏನೋ ಮೆತ್ತಗಾಗಲಿ ಅಂತ, ಸಾಯೋದು ಅವನು ಗಟ್ಟಿಯಾಗಲಿ ಅಂತ. ಆಮೇಲೆ ಆರ್ಯಾ ಬರೋದು ಅವನನ್ನ ಮತ್ತೆ ನಗಿಸೋಕೆ. ಇಬ್ಬರೂ ಚೆನ್ನಾಗಿ ಬರೆದ ಪಾತ್ರಗಳೇ, ಇಬ್ಬರೂ ಚೆನ್ನಾಗಿ ನಟಿಸಿದ್ದಾರೆ. ಆದರೂ ಇಬ್ಬರೂ ಕರ್ಣನ ಸೆಮಿಸ್ಟರ್‌ಗಳ ಹಾಗೆ ಬಂದು ಮುಗೀತಾರೆ. ಸಾನ್ವಿ ಬ್ರಾಂಚ್‌ನಲ್ಲಿ ಹುಡುಗಿಯಾಗಿ ನಾಲ್ಕು ವರ್ಷ ಹೇಗೆ ಕಳೆದಳು ಅನ್ನೋದು ಬೇರೆಯದೇ ಒಂದು ಸಿನಿಮಾ ಆಗ್ತಿತ್ತು. ಬಿಡುಗಡೆಯಾದ ಮೇಲೆ ರಶ್ಮಿಕಾಗೆ ಸಿಕ್ಕ ಬಿರುದು ‘ಕರ್ನಾಟಕದ ಕ್ರಶ್’. ನಾವೆಲ್ಲ ಕರ್ಣನ ಜಾಗದಲ್ಲಿ ಕೂತೇ ಆ ಸಿನಿಮಾ ನೋಡಿದ್ವಿ ಅನ್ನೋದಕ್ಕೆ ಆ ಬಿರುದೇ ಸಾಕ್ಷಿ.

ಇನ್ನೊಂದು ಪರೀಕ್ಷೆ: ಕರ್ಣನ ಮನೆಯಲ್ಲಿ ತಿಂಗಳಿಗೆ ಎಷ್ಟು ಸಂಬಳ ಬರುತ್ತೆ, ಅವನದು ಸಿಇಟಿ ಸೀಟಾ, ಮ್ಯಾನೇಜ್‌ಮೆಂಟ್ ಸೀಟಾ? ನಂಗಂತೂ ಹೇಳೋಕಾಗಲ್ಲ. ನಮ್ಮ ಕ್ಯಾಂಪಸ್‌ನಲ್ಲಿ ಇದು ಎಲ್ಲರಿಗೂ ಎಲ್ಲರದೂ ಗೊತ್ತಿರುತ್ತೆ. ಯಾರು ಯಲಹಂಕದಿಂದ ಬಿಎಂಟಿಸಿ ಪಾಸ್‌ನಲ್ಲಿ ಬರ್ತಾರೆ, ಯಾರು ಹೆಬ್ಬಾಳದ ಫ್ಲೈಓವರ್ ಮೇಲೆ ಸ್ವಂತ ಕಾರಿನಲ್ಲಿ ಸಿಕ್ಕಿಹಾಕಿಕೊಂಡಿರ್ತಾರೆ, ಯಾರು ಪಿಜಿಯ ಬಾಡಿಗೆಗೆ ಪಾರ್ಟ್‌ಟೈಮ್ ಡೆಲಿವರಿ ಮಾಡ್ತಾರೆ. ಒಂದು ಸಬ್ಜೆಕ್ಟ್ ಹೋದರೆ ಒಬ್ಬನಿಗೆ ಅದು ಸ್ಟೇಟಸ್ ಹಾಕೋ ಜೋಕು, ಇನ್ನೊಬ್ಬನಿಗೆ ಸ್ಕಾಲರ್‌ಶಿಪ್ ಹೋಗೋ ಭಯ. ಕಾಲೇಜು ಸಿನಿಮಾ ಈ ಭಯವನ್ನ ಸಾಮಾನ್ಯವಾಗಿ ಗೇಟಿನ ಹೊರಗೇ ಬಿಟ್ಟು ಬರುತ್ತೆ.

ಹಾಗಂತ ಕನ್ನಡ ಸಿನಿಮಾಗೆ ದುಡ್ಡಿನ ಲೆಕ್ಕ ಗೊತ್ತೇ ಇಲ್ಲ ಅಂತಲ್ಲ. ‘ಬೆಟ್ಟದ ಹೂವು’ (1985) ನೆನಪಿಸಿಕೊಳ್ಳಿ. ಎನ್. ಲಕ್ಷ್ಮೀನಾರಾಯಣ್ ನಿರ್ದೇಶನ, ಹತ್ತು ವರ್ಷದ ಪುನೀತ್‌ಗೆ ರಾಷ್ಟ್ರಪ್ರಶಸ್ತಿ ತಂದ ಚಿತ್ರ. ರಾಮು ಅನ್ನೋ ಹುಡುಗನಿಗೆ ‘ಶ್ರೀರಾಮಾಯಣ ದರ್ಶನಂ’ ಕೊಳ್ಳೋ ಆಸೆ. ಕಾಸಿಗೆ ಕಾಸು ಸೇರಿಸ್ತಾನೆ. ಕೊನೆಗೆ ಆ ದುಡ್ಡಲ್ಲಿ ಮನೆಯವರಿಗೆ ಕಂಬಳಿ ತರ್ತಾನೆ. ಪುಸ್ತಕ ತಂದರೆ ಕಂಬಳಿ ಇಲ್ಲ, ಅಷ್ಟೇ. ಯಾರೂ ಅಲ್ಲಿ ಖಳನಾಯಕರಲ್ಲ.

ಹದಿನೇಳು ವರ್ಷ ಆದಮೇಲೆ ಅದೇ ಪುನೀತ್ ‘ಅಪ್ಪು’ (2002) ಆಗಿ ಬಂದರು. 2025ರ ಮಾರ್ಚ್‌ನಲ್ಲಿ ಅವರ 50ನೇ ಹುಟ್ಟುಹಬ್ಬಕ್ಕೆ ಮರುಬಿಡುಗಡೆ ಆದಾಗ ನಮ್ಮಲ್ಲಿ ಎಷ್ಟೋ ಜನ ಕ್ಲಾಸ್ ಬಂಕ್ ಹೊಡೆದು ಹೋಗಿದ್ವಿ. ಅಪ್ಪು ಕಾನ್‌ಸ್ಟೇಬಲ್ ಮಗ, ಸುಚಿ ಪೊಲೀಸ್ ಕಮಿಷನರ್ ಮಗಳು. ಒಂದೇ ಇಲಾಖೆ, ಏಣಿಯ ಎರಡು ತುದಿ. ವರ್ಗದ ಬಗ್ಗೆ ಮಾತಾಡೋಕೆ ಇದಕ್ಕಿಂತ ಒಳ್ಳೆ ವ್ಯವಸ್ಥೆ ಸಿಗಲ್ಲ. ಆದರೆ ಇಲ್ಲಿ ವರ್ಗ ಅನ್ನೋದು ಯಾರು ಯಾರನ್ನ ಹೊಡೀಬಹುದು ಅನ್ನೋ ಪ್ರಶ್ನೆ ಆಗಿಬಿಡುತ್ತೆ. ಧೈರ್ಯ ಇದ್ದೋನು ಮೇಲೆ ಬರ್ತಾನೆ. ಸುಚಿ ಬೇಡ ಅಂದರೂ ಹಿಂದೆ ಬೀಳೋದು ಆ ಧೈರ್ಯದ ಮೊದಲ ರುಜು. ಥಿಯೇಟರಿನಲ್ಲಿ ನಾನೂ ಶಿಳ್ಳೆ ಹೊಡೆದೆ, ಸುಳ್ಳು ಯಾಕೆ ಹೇಳಲಿ. ಮನೆಗೆ ಬಂದಮೇಲೆ ಯೋಚನೆ ಬಂತು: ಮೇಲಿನವರ ಜೊತೆಗಿನ ಜಗಳದಲ್ಲಿ ಬಡ ಹುಡುಗ ಗೆದ್ದ ಅಂತ ನಾವು ಕುಣಿದಾಗ, ಆ ಗೆಲುವಿನ ಕಪ್ ಆಗಿದ್ದು ಒಬ್ಬ ಹುಡುಗಿ.

ಸೊಕ್ಕಿನ ಸಿರಿವಂತ ಹುಡುಗಿಯನ್ನ ಸಾಮಾನ್ಯ ಮನೆಯ ಗಂಡು ಪಳಗಿಸೋ ಕಥೆಯಂತೂ ನಮ್ಮಲ್ಲಿ ಸಾಕಷ್ಟು ಹಳೇದು, ಅದರ ಬೇರು ಬ್ರಿಟನ್ನಿನಲ್ಲೇ ಇದೆ. ಶೇಕ್ಸ್‌ಪಿಯರನ ‘ದಿ ಟೇಮಿಂಗ್ ಆಫ್ ದಿ ಶ್ರೂ’ ನಾಟಕವನ್ನ ಪರ್ವತವಾಣಿ ಅವರು ‘ಬಹದ್ದೂರ್ ಗಂಡ’ ಅಂತ ಕನ್ನಡಕ್ಕೆ ತಂದಿದ್ದರು. ಅದರಿಂದ 1989ರಲ್ಲಿ ‘ನಂಜುಂಡಿ ಕಲ್ಯಾಣ’ ಬಂತು, ಮಾಲಾಶ್ರೀ ಕನ್ನಡಕ್ಕೆ ಬಂದರು. ನಮ್ಮ ಅಮ್ಮಂದಿರು ಇವತ್ತಿಗೂ ಟಿವಿಯಲ್ಲಿ ಬಂದರೆ ನೋಡ್ತಾರೆ, ನಗ್ತಾರೆ. ಯಾರ ಕಡೆ ನಿಂತು ನಗ್ತಾರೆ ಅಂತ ಒಂದು ಸಲ ಕೇಳಿ ನೋಡಿ. ನಮ್ಮಮ್ಮ ಹೇಳಿದ್ದು, “ಅವಳ ಕಡೆನೇ ಕಣೋ, ಮೊದಲರ್ಧ.”

ಬಡ ಹುಡುಗನೇ ಬಿಲ್ ಕಟ್ಟೋ ಸಿನಿಮಾನೂ ಇದೆ. ‘ಚೆಲುವಿನ ಚಿತ್ತಾರ’ (2007), ತಮಿಳಿನ ‘ಕಾದಲ್’ನ ರೀಮೇಕು. ಗ್ಯಾರೇಜಿನ ಮೆಕ್ಯಾನಿಕ್ ಹುಡುಗ, ಸಿರಿವಂತರ ಮನೆಯ ಶಾಲೆಯ ಹುಡುಗಿ. ಅಮೂಲ್ಯ ಆಗ ನಿಜವಾಗಿಯೂ ಶಾಲೆಯ ವಯಸ್ಸಿನವರೇ. ಇಬ್ಬರೂ ಓಡಿಹೋಗ್ತಾರೆ, ಮನೆಯವರು ಹಿಡಿದು ಬೇರೆ ಮಾಡ್ತಾರೆ. ಹುಡುಗನಿಗೆ ಬುದ್ಧಿಭ್ರಮಣೆ ಆಗುತ್ತೆ, ಹುಡುಗಿಗೆ ಬೇರೆ ಮದುವೆ ಆಗುತ್ತೆ. ಎಲ್ಲರೂ ಅತ್ತಿದ್ದು ಹುಡುಗನಿಗಾಗಿ. ಅದು ತಪ್ಪಲ್ಲ. ಆದರೆ ಆ ವಯಸ್ಸಿನ ಹುಡುಗಿಗೆ ಮದುವೆ ಮಾಡಿಬಿಡೋದು ಕೂಡ ಒಂದು ಬಿಲ್ ಅಂತ ನಮಗೆ ಹೊಳೆಯೋದು ನಿಧಾನ. ಅದು ಶಿಕ್ಷೆಯ ಹಾಗೆ ಕಾಣಲ್ಲ, ಚಪ್ಪರ ಹಾಕಿರ್ತಾರೆ.

‘ನಾಗರಹಾವು’ (1972) ಇದನ್ನ ಇನ್ನೂ ಖಡಕ್ಕಾಗಿ ಹೇಳಿತ್ತು. ತ.ರಾ.ಸು. ಕಾದಂಬರಿಗಳು, ಪುಟ್ಟಣ್ಣನವರ ನಿರ್ದೇಶನ, ಚಿತ್ರದುರ್ಗದ ಕೋಟೆ. ಚಾಮಯ್ಯ ಮೇಷ್ಟ್ರ ಮಾತಿಗೆ ಕಟ್ಟುಬಿದ್ದು ರಾಮಾಚಾರಿ ಅಲಮೇಲುವನ್ನ ಬಿಟ್ಟುಕೊಡ್ತಾನೆ. ತ್ಯಾಗ ಅಂತ ನಾವು ಹೇಳೋದು ಅವನದನ್ನ. ಮುಂದೆ ಅಲಮೇಲು ಅವನಿಗೆ ಸಿಗೋದು ವೇಶ್ಯೆಯಾಗಿ. ಇಬ್ಬರು ಗಂಡಸರ ನಡುವಿನ ಗುರುಭಕ್ತಿಯ ಮಾತಿಗೆ ಬೆಲೆ ತೆತ್ತವಳು ಆ ಮಾತುಕತೆಯಲ್ಲಿ ಇರಲೇ ಇಲ್ಲ. ಪುಟ್ಟಣ್ಣ ಅದನ್ನ ಮುಚ್ಚಿಡಲಿಲ್ಲ, ತೋರಿಸಿದರು. ನಾವು ನೆನಪಿಟ್ಟುಕೊಂಡಿದ್ದು ಮಾತ್ರ ರಾಮಾಚಾರಿಯ ರೋಷ, ಕೋಟೆಯ ಬಂಡೆ, ಹಾವಿನ ದ್ವೇಷ.

ಕ್ಯಾಮೆರಾ ಹುಡುಗಿಯ ಪಕ್ಕ ಕೂತರೆ ಏನಾಗುತ್ತೆ? ರೂಪಾ ರಾವ್ ಅವರ ‘ಗಂಟುಮೂಟೆ’ (2019) ಇದಕ್ಕೆ ಉತ್ತರ. ತೊಂಬತ್ತರ ದಶಕ, ಹೈಸ್ಕೂಲಿನ ಹುಡುಗಿ ಮೀರಾ, ಸಲ್ಮಾನ್ ಖಾನ್ ಹುಚ್ಚು, ಕ್ಲಾಸಿನ ಮಧು ಅನ್ನೋ ಹುಡುಗನಲ್ಲಿ ಅದೇ ಮುಖ ಕಾಣೋದು. ಕಥೆ ಹೇಳೋಳೂ ಮೀರಾನೇ. ಮೊದಲ ಸಲ ನೋಡಿದಾಗ ನನಗೆ ಒಂಥರಾ ಕಸಿವಿಸಿ ಆಯ್ತು, ಯಾಕೆ ಅಂತ ಆಮೇಲೆ ತಿಳೀತು. ಇಲ್ಲಿ ನೋಡೋಳು ಅವಳು, ನೋಡಿಸಿಕೊಳ್ಳೋನು ಹುಡುಗ. ಅವನ ಕುತ್ತಿಗೆ, ಅವನ ನಗು, ಅವನು ಬೆಂಚಿನ ಮೇಲೆ ಕೈ ಇಡೋ ರೀತಿ. ನಮಗೆ ಅಭ್ಯಾಸ ಇಲ್ಲ! ನ್ಯೂಯಾರ್ಕ್ ಇಂಡಿಯನ್ ಫಿಲ್ಮ್ ಫೆಸ್ಟಿವಲ್‌ನಲ್ಲಿ ಇದಕ್ಕೆ ಅತ್ಯುತ್ತಮ ಚಿತ್ರಕಥೆಯ ಪ್ರಶಸ್ತಿ ಬಂತು. ಹುಡುಗಿಗೆ ಆಸೆ ಇರುತ್ತೆ, ಆ ಆಸೆಗೆ ಅವಳು ಸಾಯಬೇಕಾಗಿಲ್ಲ, ಓಡಿಹೋಗಬೇಕಾಗಿಲ್ಲ, ಅದನ್ನ ಗಂಟು ಕಟ್ಟಿಕೊಂಡು ಮುಂದೆ ನಡೀಬಹುದು ಅನ್ನೋದನ್ನ ಇಷ್ಟು ಸಹಜವಾಗಿ ಹೇಳಿದ ಕನ್ನಡ ಸಿನಿಮಾ ನಾನು ಬೇರೆ ನೋಡಿಲ್ಲ.

ಇನ್ನು ಪೃಥ್ವಿ ಕೊಣನೂರು ಅವರ ‘ಹದಿನೇಳೆಂಟು’. 2022ರಲ್ಲಿ ಗೋವಾದ ಚಿತ್ರೋತ್ಸವದ ಇಂಡಿಯನ್ ಪನೋರಮಾ ವಿಭಾಗ ಶುರುವಾಗಿದ್ದೇ ಈ ಚಿತ್ರದಿಂದ. ದೀಪಾ, ಹರಿ ಇಬ್ಬರೂ ಪಿಯು ವಿದ್ಯಾರ್ಥಿಗಳು. ಖಾಲಿ ಕ್ಲಾಸ್‌ರೂಮಿನಲ್ಲಿ ತಮ್ಮ ಖಾಸಗಿ ಕ್ಷಣವನ್ನ ತಾವೇ ಮೊಬೈಲಿನಲ್ಲಿ ಹಿಡಿದುಕೊಂಡಿದ್ದಾರೆ. ಆ ವಿಡಿಯೋ ಇಂಟರ್ನೆಟ್ಟಿಗೆ ಹೋಗಿಬಿಡುತ್ತೆ. ಅಲ್ಲಿಂದ ಮುಂದೆ ಸಿನಿಮಾ ಇರೋದು ಪ್ರೇಮದಲ್ಲಲ್ಲ, ಪ್ರಿನ್ಸಿಪಾಲರ ಕೋಣೆ, ಮೀಟಿಂಗು, ಹೆತ್ತವರು, ಸಸ್ಪೆನ್ಷನ್ನು, ಇವುಗಳಲ್ಲಿ. ಹರಿ ಬ್ರಾಹ್ಮಣರ ಹುಡುಗ. ದೀಪಾ ಬಡವರ ಮನೆಯವಳು, ಜಾತಿಯ ಏಣಿಯಲ್ಲಿ ಕೆಳಗಿಟ್ಟ ಸಮುದಾಯದವಳು. ತಪ್ಪು ಅಂತ ಕರೆಯೋದಾದರೆ ಇಬ್ಬರದೂ ಒಂದೇ ತಪ್ಪು, ಒಂದೇ ವಿಡಿಯೋ, ಒಂದೇ ಅವಧಿ. ಲ್ಯಾಬಿನಲ್ಲಿ ಎರಡು ಸ್ಯಾಂಪಲ್‌ಗೆ ಒಂದೇ ಬಲ ಹಾಕಿ ಯಾವುದು ಎಲ್ಲಿ ಮುರಿಯುತ್ತೆ ಅಂತ ನೋಡ್ತೀವಲ್ಲ, ಹಾಗಿದೆ ಆ ಸಿನಿಮಾ.

ಯೋಚನೆ ಮಾಡಿ. ಕಾಲೇಜು ಬಿಡಿಸಿದರೆ ಒಂದು ಮನೆ ಇನ್ನೊಂದು ಕಡೆ ಫೀಸ್ ಕಟ್ಟಿ ಸೇರಿಸಬಹುದು, ಇನ್ನೊಂದು ಮನೆಗೆ ಓದು ಅಲ್ಲಿಗೆ ಮುಗಿದ ಹಾಗೆ. ಒಂದು ಮನೆಯ ಅಪ್ಪನಿಗೆ ಯಾರ ಹತ್ತಿರ ಮಾತಾಡಬೇಕು ಅಂತ ಗೊತ್ತಿರುತ್ತೆ, ಇನ್ನೊಂದು ಮನೆಯವರಿಗೆ ಆಫೀಸಿನಲ್ಲಿ ಕುರ್ಚಿ ಹಾಕೋದೇ ಅನುಮಾನ. ಇದರ ಮೇಲೆ, ಹುಡುಗನಿಗೆ ವಯಸ್ಸಿನ ದೋಷ ಅಂತ ಒಂದು ಮಾತು ಸಿದ್ಧ ಇರುತ್ತೆ. ಹುಡುಗಿಗೆ ಆ ಮಾತು ಸಿಗಲ್ಲ. ಕ್ಲಾಸ್, ಜಾತಿ, ಗಂಡು ಹೆಣ್ಣು ಅಂತ ನಾವು ಪರೀಕ್ಷೆಗೆ ಬೇರೆ ಬೇರೆ ಓದೋದು ಒಂದೇ ಟೇಬಲ್ಲಿನ ಮೇಲೆ ಬಂದು ಕೂರುತ್ತೆ.

ಹೆಸರೂ ಸುಮ್ಮನೆ ಇಟ್ಟಿದ್ದಲ್ಲ. ನಮ್ಮಲ್ಲಿ ವಯಸ್ಸು ಹೇಳೋದೇ ಹಾಗೆ, ಹದಿನೇಳೆಂಟು ಇರಬಹುದು ಅಂತ. ಆದರೆ ಕಾನೂನಿಗೆ ಹದಿನೇಳಕ್ಕೂ ಹದಿನೆಂಟಕ್ಕೂ ನಡುವೆ ಗೋಡೆ ಇದೆ. 2012ರ ಪೋಕ್ಸೊ ಕಾಯ್ದೆ ಪ್ರಕಾರ 18 ತುಂಬದವರು ಮಕ್ಕಳು, ಅವರ ಒಪ್ಪಿಗೆಗೆ ಬೆಲೆ ಇಲ್ಲ. ಐಟಿ ಕಾಯ್ದೆಯ 67ಬಿ ಕಲಮಿನ ಪ್ರಕಾರ ಅಂಥವರ ವಿಡಿಯೋವನ್ನ ಹಾಕೋದು, ಕಳಿಸೋದು ಮಾತ್ರ ಅಲ್ಲ, ಡೌನ್‌ಲೋಡ್ ಮಾಡಿಕೊಳ್ಳೋದೂ ಅಪರಾಧ. ಮೊದಲ ಸಲಕ್ಕೇ ಐದು ವರ್ಷದವರೆಗೆ ಜೈಲು, ಹತ್ತು ಲಕ್ಷದವರೆಗೆ ದಂಡ. ಗ್ರೂಪಿಗೆ ಬಂದಿದ್ದನ್ನ ಇನ್ನೊಂದು ಗ್ರೂಪಿಗೆ ತಳ್ಳೋ ಹೆಬ್ಬೆರಳಿಗೂ ಈ ಬಿಲ್‌ನಲ್ಲಿ ಪಾಲಿದೆ. ಸಿನಿಮಾ ನೋಡಿದ ರಾತ್ರಿ ನಮ್ಮ ಹಾಸ್ಟೆಲ್ ಗ್ರೂಪ್‌ನಲ್ಲಿ ಹಳೇದೆಲ್ಲ ಏನೇನಿದೆ ಅಂತ ಹಿಂದಕ್ಕೆ ಎಳೆದು ನೋಡಿದೆ. ಹೆಚ್ಚು ಹೊತ್ತು ನೋಡೋಕಾಗಲಿಲ್ಲ.

ನನ್ನ ರೂಮ್‌ಮೇಟ್ ಈ ಲೇಖನದ ಡ್ರಾಫ್ಟ್ ಓದಿ ಅಂದ: “ಮಗಾ, ಸಿನಿಮಾ ನೋಡೋದು ಟೆನ್ಷನ್ ಮರೆಯೋಕೆ. ಹೀಗೆ ಲೆಕ್ಕ ಹಾಕ್ತಾ ಕೂತರೆ ಶಿಳ್ಳೆ ಹೊಡೆಯೋದು ಯಾವಾಗ?” ಅವನು ಯಶವಂತಪುರದವನು, ಅವನ ಅಪ್ಪ ಗೋವರ್ಧನ್ ಥಿಯೇಟರಿನಲ್ಲಿ ಗಾಂಧಿ ಕ್ಲಾಸ್ ಟಿಕೆಟ್‌ಗೆ ಸಾಲು ನಿಂತು ಬೆಳೆದವರು. ಅವನ ಮಾತಲ್ಲೂ ಹುರುಳಿದೆ. ದಿನವಿಡೀ ದುಡಿದು ಬಂದೋರಿಗೆ ಕಾನ್‌ಸ್ಟೇಬಲ್ ಮಗ ಗೆಲ್ಲೋದನ್ನ ನೋಡೋ ಸುಖವನ್ನ ನಾನು ಕಿತ್ತುಕೊಳ್ಳೋಕೆ ಹೊರಟಿಲ್ಲ. ಆದರೆ ‘ಗಂಟುಮೂಟೆ’, ‘ಹದಿನೇಳೆಂಟು’ ಬೋರ್ ಹೊಡೆಸೋ ಸಿನಿಮಾಗಳಲ್ಲ. ಅವನೇ ಎರಡನೆಯದನ್ನ ನನ್ನ ಜೊತೆ ನೋಡ್ತಾ ಮಧ್ಯದಲ್ಲಿ ಒಂದು ಸಲವೂ ಫೋನ್ ಮುಟ್ಟಲಿಲ್ಲ. ಅದನ್ನ ನೆನಪಿಸಿದೆ. “ಅದು ಬೇರೆ ವಿಷಯ” ಅಂದ.

ಮತ್ತೆ, ಹುಡುಗರೇನು ಲಾಭದಲ್ಲಿದ್ದಾರೆ ಅಂತಾನೂ ಅಲ್ಲ. ಬಿಲ್ಲಿಯ ಅಣ್ಣ ಗಣಿಯಲ್ಲಿ ದುಡಿಯೋನು, ಅವನ ಸಿಟ್ಟಿಗೆ ಹಕ್ಕಿ ಬಿಟ್ಟರೆ ಬೇರೆ ಯಾರೂ ಸಿಗಲಿಲ್ಲ. ನಮ್ಮ ಹೀರೋಗಳು ಕುಡಿದರೆ ಮಾತ್ರ ಅಳಬಹುದು. ಆ ದಿನ ಸೆಮಿನಾರ್ ಹಾಲ್‌ನಲ್ಲಿ ಕಣ್ಣೊರೆಸಿಕೊಂಡ ನಾವು ಮೂರ್ನಾಲ್ಕು ಜನ ಲೈಟ್ ಹಾಕೋದರೊಳಗೆ ಹೊರಗೆ ಹೋಗಿ ಟೀ ಅಂಗಡಿ ಹತ್ತಿರ ನಿಂತಿದ್ವಿ, ಪ್ರೊಜೆಕ್ಟರ್ ಬಗ್ಗೆ ಮಾತಾಡ್ತಾ.

ಮುಂದಿನ ತಿಂಗಳು ‘ಗಂಟುಮೂಟೆ’ ಹಾಕೋಣ ಅಂತ ಸಂಘದಲ್ಲಿ ತೀರ್ಮಾನ ಆಗಿದೆ. ಶನಿವಾರ ಮಧ್ಯಾಹ್ನ ಎರಡೂವರೆಗೆ ಶುರು, ಅಂದರೆ ಐದಕ್ಕೆಲ್ಲ ಮುಗಿಯುತ್ತೆ. ಕೇಬಲ್ ಹಿಂದಿನ ದಿನವೇ ತಂದಿಡ್ತೀವಿ.